ಪದ ಪರಿಚಯ: ರಕ್ತಸಾಕ್ಷಿ

ಪ್ರಾಣ ಕೊಟ್ಟವರನ್ನು ನಾವು ಸಾಮಾನ್ಯವಾಗಿ ಹುತಾತ್ಮ ಅನ್ನುತ್ತೇವೆ. ಹುತ ಅಂದರೆ ಹೋಮದ ಬೆಂಕಿಗೆ ಹಾಕಿದ್ದು. ನಾಡಿಗಾಗಿ ಸತ್ತ ಯೋಧರಿಗೆ ಆ ಮಾತು ಒಪ್ಪುತ್ತದೆ. ನಂಬಿಕೆಗಾಗಿ ಸತ್ತವರಿಗೆ ಕನ್ನಡ ಕ್ರೈಸ್ತರಲ್ಲಿ ಇನ್ನೊಂದು ಪದವಿದೆ: ರಕ್ತಸಾಕ್ಷಿ. ನನಗೆ ಈ ಪದದ ಮೇಲೆ ಪ್ರೀತಿ ಜಾಸ್ತಿ. ಗ್ರೀಕಿನ 'ಮಾರ್ತಿಸ್' ಪದದ ಮೂಲ ಅರ್ಥವೂ ಸಾಕ್ಷಿ ಅಂತಲೇ. ಇಂಗ್ಲಿಷಿನ 'ಮಾರ್ಟರ್' ಅಲ್ಲಿಂದಲೇ ಬಂದದ್ದು, ಆದರೆ ಅದರಲ್ಲಿ ಆ ಅರ್ಥ ಈಗ ಕಿವಿಗೆ ಬೀಳುವುದಿಲ್ಲ. ಕನ್ನಡದಲ್ಲಿ ಬೀಳುತ್ತದೆ.

ಸಾಕ್ಷಿ ಅಂದಮೇಲೆ ಪ್ರಮಾಣದ ಮಾತು ಬರಲೇಬೇಕು, ಅಲ್ವಾ? ಫ್ರಾನ್ಸಿನ ಹಳ್ಳಿಯ ಪಾದ್ರಿ ನೊಯೆಲ್ ಪಿನೊ ಅವರ ಕತೆ ಶುರುವಾಗುವುದೇ ಒಂದು ಪ್ರಮಾಣದಿಂದ.

ಪಿನೊ ಹುಟ್ಟಿದ್ದು 1747ರಲ್ಲಿ, ಆಂಜೆ ಪಟ್ಟಣದ ನೇಕಾರರ ಮನೆಯಲ್ಲಿ. ವಾಸಿಯಾಗದ ರೋಗಿಗಳ ಆಸ್ಪತ್ರೆಯಲ್ಲಿ ಏಳು ವರ್ಷ ಸೇವೆ ಮಾಡಿ, 1788ರಲ್ಲಿ ಲೂರೂ-ಬೆಕೊನೆ ಎಂಬ ಹಳ್ಳಿಯ ಚರ್ಚಿಗೆ ಬಂದರು. ಮರುವರ್ಷವೇ ಕ್ರಾಂತಿ. 1790ರ ಜುಲೈನಲ್ಲಿ ಹೊಸ ಕಾನೂನು ಬಂತು: ಪಾದ್ರಿಗಳನ್ನು ಜನ ಓಟು ಹಾಕಿ ಆರಿಸಬೇಕು, ಸಂಬಳ ಸರ್ಕಾರದ್ದು. ಇದಕ್ಕೆ ಬದ್ಧ ಎಂದು ಪಾದ್ರಿಗಳು ಪ್ರಮಾಣ ಮಾಡಬೇಕಿತ್ತು. ಹೆಚ್ಚುಕಮ್ಮಿ ಅರ್ಧದಷ್ಟು ಹಳ್ಳಿ ಪಾದ್ರಿಗಳು ಮಾಡಿದರು. ಪಿನೊ ಒಲ್ಲೆ ಅಂದರು. ಸುಮ್ನೆ ಇದ್ದುಬಿಡಬಹುದಿತ್ತು. ಆದರೆ ಚರ್ಚಿನಲ್ಲಿ ಊರವರ ಮುಂದೆಯೇ ನಿಂತು, ಯಾಕೆ ಆಗದು ಎಂದು ಬಿಡಿಸಿ ಹೇಳಿದರು. ನನ್ನ ಲೆಕ್ಕದಲ್ಲಿ ಅವರು ಸಾಕ್ಷಿಯಾದದ್ದು ಅವತ್ತೇ. ರಕ್ತ ಬಿದ್ದದ್ದು ಮೂರು ವರ್ಷದ ನಂತರ.

ಬಂಧನವಾಯಿತು. ಎರಡು ವರ್ಷ ಊರಿಗೆ ಕಾಲಿಡಬಾರದು ಎಂದು ಶಿಕ್ಷೆ. 1793ರಲ್ಲಿ ಮರಳಿ ಬಂದರೂ ಬಹಿರಂಗವಾಗಿ ಇರಲು ಆಗಲಿಲ್ಲ. ಹಗಲೆಲ್ಲ ರೈತರ ಮನೆಗಳಲ್ಲಿ ಅಡಗಿರುವುದು, ರಾತ್ರಿ ಬಲಿಪೂಜೆ, ಅಂದರೆ ರೊಟ್ಟಿ-ದ್ರಾಕ್ಷಾರಸ ಅರ್ಪಿಸುವ ಕ್ರೈಸ್ತರ ಮುಖ್ಯ ಪೂಜೆ, ಮಾಡುವುದು. 1794ರ ಫೆಬ್ರವರಿಯ ಒಂದು ರಾತ್ರಿ, ಒಬ್ಬ ವಿಧವೆಯ ಮನೆಯಲ್ಲಿ ಪೂಜೆಗೆ ಬಟ್ಟೆ ತೊಟ್ಟು ನಿಂತಿದ್ದಾಗ ಸೈನಿಕರು ಬಾಗಿಲು ಬಡಿದರು. ದೊಡ್ಡದೊಂದು ಮರದ ಪೆಟ್ಟಿಗೆಯೊಳಗೆ ಅಡಗಿದರೂ ಸಿಕ್ಕಿಬಿದ್ದರು.

ಫೆಬ್ರವರಿ 21ರಂದು ಮರಣದಂಡನೆ ವಿಧಿಸಿದ ನ್ಯಾಯಾಧೀಶರು, ಪೂಜೆಯ ಬಟ್ಟೆಯಲ್ಲೇ ಸಾಯುತ್ತೀಯಾ ಎಂದು ಕೇಳಿದರು. ಕೇಳಿದ್ದು ಅವಮಾನಕ್ಕೆ. ಪಿನೊ ಸಂತೋಷದಿಂದ ಹೂಂ ಅಂದರು. ತಲೆ ಕಡಿಯುವ ಯಂತ್ರವಾದ ಗಿಲೊಟಿನ್ನಿನ ಮೆಟ್ಟಿಲ ಬುಡದಲ್ಲಿ ಅವರ ಬಾಯಲ್ಲಿ ಬಂದದ್ದು, ಪ್ರತಿ ಪೂಜೆಯ ಶುರುವಿನಲ್ಲಿ ಹೇಳುತ್ತಿದ್ದ ಲ್ಯಾಟಿನ್ ಸಾಲು: 'ಇಂತ್ರೊಯಿಬೊ ಆದ್ ಅಲ್ತಾರೆ ದೇಯಿ.' ದೇವರ ಬಲಿಪೀಠದ ಬಳಿಗೆ ಹೋಗುತ್ತೇನೆ ಎಂದರ್ಥ. ಆ ರಾತ್ರಿ ಶುರುವಾಗುವ ಮೊದಲೇ ನಿಂತಿದ್ದ ಪೂಜೆ ಇಲ್ಲಿ ಶುರುವಾದಂತೆ.

ಹಾಗಂತ ಗಲಭೆಯಲ್ಲಿ ಸತ್ತವರೆಲ್ಲ ರಕ್ತಸಾಕ್ಷಿಗಳಲ್ಲ. ಚರ್ಚು ಕೇಳುವ ಪ್ರಶ್ನೆಗಳಿವೆ: ಕೊಂದದ್ದು ನಂಬಿಕೆಯ ಮೇಲಿನ ದ್ವೇಷದಿಂದಲೇ? ಸತ್ತವರು ಸಾವನ್ನು ಮನಸಾರೆ ಒಪ್ಪಿಕೊಂಡರೇ? ಅದೇ ಹೊತ್ತಿನಲ್ಲಿ ಪಶ್ಚಿಮ ಫ್ರಾನ್ಸಿನ ವಾಂದೆ ಸೀಮೆಯ ರೈತರು ಕ್ರಾಂತಿ ಸರ್ಕಾರದ ವಿರುದ್ಧ ಧರ್ಮದ ಹೆಸರಲ್ಲಿ ಬಂದೂಕು ಹಿಡಿದು ಹೋರಾಡಿ ಸತ್ತರು. ಅವರ ಸಾವನ್ನು ಈ ಪದ ಅಷ್ಟು ಸಲೀಸಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಪಿನೊ ಅವರಿಗೆ 1926ರಲ್ಲಿ ಪೋಪ್ ಹನ್ನೊಂದನೇ ಪಯಸ್ 'ಪುನೀತ' ಪದವಿ ಕೊಟ್ಟರು, ಸಂತ ಪದವಿಗಿಂತ ಒಂದು ಮೆಟ್ಟಿಲು ಕೆಳಗಿನದು. ಬೇರೆಯವರಿಗಾದರೆ ಈ ಪದವಿಗೆ ಒಂದು ಪವಾಡ ಸಾಬೀತಾಗಬೇಕು. ರಕ್ತಸಾಕ್ಷಿಗೆ ಅದು ಬೇಕಿಲ್ಲ.