ಚಳಿಗಾಲದಲ್ಲಿ ನಮ್ಮ ಘಟ್ಟದ ಕರಡಿ ಮಲಗಿರುತ್ತಾ?

ಪ್ರಶ್ನೆ: ಸರ್, ಡಿಸೆಂಬರ್ ರಜೆಯಲ್ಲಿ ಉಡುಪಿಯಿಂದ ನಾವು ಆರು ಜನ ಕುದುರೆಮುಖ ಹತ್ತಬೇಕು ಅಂತಿದ್ದೇವೆ. ಚಳಿಗಾಲದಲ್ಲಿ ಕರಡಿಗಳು ನಿದ್ದೆಯಲ್ಲಿರುತ್ತವೆ ಅಲ್ವಾ? ಹಾಗಾದರೆ ಮೇಲೆ ಟೆಂಟ್ ಹಾಕಿ ಮಲಗಬಹುದಾ?

ಉತ್ತರ: ಮಲಗಿರುವುದಿಲ್ಲ. ಮಳೆ ನಿಂತು ಟ್ರೆಕ್ಕಿಂಗ್ ಶುರುವಾದ ಕೂಡಲೇ ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ. ಪ್ರತಿ ವರ್ಷ ಇದೇ ಉತ್ತರ ಬರೆಯುತ್ತೇನೆ. ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ತಪ್ಪು ತಿಳಿವಳಿಕೆ ಎಲ್ಲಿಂದ ಬಂತು ಅಂತ ಗೊತ್ತು. ಟಿವಿಯಲ್ಲಿ ನಾವು ನೋಡುವುದು ಅಮೆರಿಕದ, ರಷ್ಯಾದ ಕರಡಿಗಳನ್ನು. ಅವು ತಿಂಗಳುಗಟ್ಟಲೆ ಮಲಗುವುದು ನಿಜ. ಹಿಮಾಲಯದ ಕಂದು ಕರಡಿಯೂ ಮಲಗುತ್ತದೆ. ಆದರೆ ಬರೀ ಚಳಿಗೆ ಹೆದರಿ ಅಲ್ಲ. ಹಿಮ ಬಿದ್ದ ಮೇಲೆ ಅಲ್ಲಿ ತಿನ್ನಲು ಸಿಗುವುದು ತೀರಾ ಕಡಿಮೆ. ಹೊಟ್ಟೆಗಿಲ್ಲದೆ ಅಲೆದು ಸೊರಗುವ ಬದಲು, ಮೈಯ ಕೊಬ್ಬು ಕರಗಿಸುತ್ತಾ ಗವಿಯಲ್ಲಿ ಬಿದ್ದಿರುವುದೇ ಲಾಭ.

ನಮ್ಮ ಘಟ್ಟದಲ್ಲಿರುವುದು ಬೇರೆ ಜಾತಿ. ಇಂಗ್ಲಿಷಿನಲ್ಲಿ ಸ್ಲಾತ್ ಬೇರ್ ಅನ್ನುತ್ತಾರೆ. ಇದರ ಮುಖ್ಯ ಊಟ ಗೆದ್ದಲು, ಇರುವೆ, ಹಣ್ಣು. ಡಿಸೆಂಬರ್‌ನಲ್ಲಿ ಗೆದ್ದಲಿಗೇನು ಬರವೇ? ಮಂಗಳೂರಿನ ಚಳಿ ಅಂದರೆ ಬೆಳಗಿನ ಜಾವ 20 ಡಿಗ್ರಿ ಆಸುಪಾಸು. ಹತ್ತು ಗಂಟೆಗೆ ಮತ್ತೆ ಫ್ಯಾನ್ ಬೇಕು. ಘಟ್ಟದ ಮೇಲೆ ಇನ್ನೂ ತಣ್ಣಗಿರುತ್ತದೆ, ಒಪ್ಪುತ್ತೇನೆ. ಆದರೂ ಅಲ್ಲಿ ಹಿಮ ಬೀಳುವುದಿಲ್ಲ, ಹುತ್ತಗಳು ಖಾಲಿಯಾಗುವುದಿಲ್ಲ. ಹೊಟ್ಟೆಗೆ ಸಿಗುತ್ತಿರುವಾಗ ಕರಡಿ ಯಾಕೆ ಮಲಗೀತು?

"ಗವಿಯಲ್ಲಿ ಕರಡಿ ಮಲಗಿದ್ದನ್ನು ಊರವರೇ ನೋಡಿದ್ದಾರಲ್ಲ" ಅಂತ ವಾದಿಸುವವರಿದ್ದಾರೆ. ನೋಡಿರಬಹುದು. ಈ ಕರಡಿ ಮರಿ ಹಾಕುವುದು ಹೆಚ್ಚಾಗಿ ನವೆಂಬರ್‌ನಿಂದ ಜನವರಿಯೊಳಗೆ. ಆಮೇಲೆ ಎರಡು ಮೂರು ತಿಂಗಳು ತಾಯಿ, ಮರಿಗಳಿಗೆ ಗವಿಯೇ ಮನೆ. ನೀವು ನಿದ್ದೆ ಅಂದುಕೊಂಡದ್ದು ಅದರ ಬಾಣಂತನ. ಚಳಿಗಾಲ ಸೇಫ್ ಅಂತ ನಂಬಿ ಬಂಡೆ ಸಂದಿಗೆ ಟಾರ್ಚ್ ಬಿಟ್ಟು ಇಣುಕುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೇಡ, ಖಂಡಿತ ಬೇಡ. ಒಳಗೆ ಮರಿಗಳ ಜೊತೆ ಎಚ್ಚರವಾಗಿರುವ ತಾಯಿ ಇರಬಹುದು.

ಟೆಂಟ್ ವಿಷಯ ಬೇಗ ಮುಗಿಸುತ್ತೇನೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಟೆಂಟ್ ಹಾಕುವಂತಿಲ್ಲ. ಅರಣ್ಯ ಇಲಾಖೆಯ ಅನುಮತಿ ಪಡೆದು, ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿಯಬೇಕು. ರಾತ್ರಿ ಮುಳ್ಳೋಡಿ ಕಡೆಯ ಹೋಂಸ್ಟೇಯಲ್ಲಿ ಉಳಿಯಿರಿ. ಅಲ್ಲೂ ಕತ್ತಲಾದ ಮೇಲೆ ಸುಮ್ನೆ ವಾಕಿಂಗ್ ಅಂತ ಹೊರಡಬೇಡಿ. ಕರಡಿ ಜಾಸ್ತಿ ಓಡಾಡುವುದು ರಾತ್ರಿ ಮತ್ತು ಮುಂಜಾನೆ.

ದಾರಿಯಲ್ಲಿ ಗುಂಪಾಗಿ, ಮಾತಾಡುತ್ತಾ ನಡೆಯಿರಿ. ಕಾಡಲ್ಲಿ ಗಲಾಟೆ ಬೇಡ ಅಂತ ಸದಾ ಹೇಳುವವನು ನಾನೇ. ಆದರೆ ಬೆಳಗಿನ ಮಂಜಲ್ಲಿ, ಮುಂದಿನ ತಿರುವು ಕಾಣದ ಕಡೆ ನಿಮ್ಮ ದನಿ ಕೇಳಿಸಲೇಬೇಕು. ಹುತ್ತಕ್ಕೆ ಮೂತಿ ಇಟ್ಟು ಕರಡಿ ಗೆದ್ದಲು ಹೀರುವ ಸದ್ದು ನೂರು ಮೀಟರ್ ಆಚೆಗೂ ಕೇಳುತ್ತದೆ. ಆ ಸದ್ದಲ್ಲಿ ನಿಮ್ಮ ಹೆಜ್ಜೆ ಅದಕ್ಕೆ ಗೊತ್ತಾಗುವುದಿಲ್ಲ. ಕಣ್ಣೂ ಅಷ್ಟು ಚುರುಕಲ್ಲ. ತೀರಾ ಹತ್ತಿರ ಬಂದಾಗ ಬೆಚ್ಚಿ ಮೇಲೆರಗುತ್ತದೆ. ಹೊಸದಾಗಿ ಅಗೆದ ಹುತ್ತ ಕಂಡರೆ ನಿಂತು ಸುತ್ತ ನೋಡಿ. ಕರಡಿಯೇ ಕಂಡರೆ ಓಡಬೇಡಿ. ಮರವನ್ನೂ ಹತ್ತಬೇಡಿ, ಅದಕ್ಕೂ ಹತ್ತಲು ಬರುತ್ತದೆ. ಮೆಲ್ಲಗೆ ಹಿಂದೆ ಸರಿಯಿರಿ. ಮೈಮೇಲೆ ಬಿದ್ದೇಬಿಟ್ಟರೆ ಬೋರಲಾಗಿ ಮಲಗಿ, ಬೆರಳು ಹೆಣೆದು ಕತ್ತಿನ ಹಿಂಭಾಗ ಮುಚ್ಚಿಕೊಳ್ಳಿ. ಅದು ಹೆಚ್ಚಾಗಿ ತಲೆ, ಮುಖಕ್ಕೇ ಕೈ ಹಾಕುತ್ತದೆ.

ಗೆದ್ದಲು ಹೀರುತ್ತದೆ ಅಂದೆನಲ್ಲ. ಹೇಗೆ ಅಂತ ನೀವು ಕೇಳಲಿಲ್ಲ, ಆದರೂ ಹೇಳದೆ ಇರಲಾರೆ. ಇದಕ್ಕೆ ಮೇಲಿನ ಸಾಲಿನ ನಡುವಿನ ಎರಡು ಹಲ್ಲು ಇರುವುದಿಲ್ಲ. ಮೊದಲು ಜೋರಾಗಿ ಊದಿ ಮಣ್ಣು ಹಾರಿಸುತ್ತದೆ. ಆಮೇಲೆ ಮೂಗಿನ ಹೊಳ್ಳೆ ಮುಚ್ಚಿಕೊಂಡು ಆ ಸಂದಿಯಿಂದ ಗೆದ್ದಲನ್ನು ಒಳಗೆಳೆಯುತ್ತದೆ. ಗವಿ ಬಿಟ್ಟು ಹೊರಬಂದ ಮರಿಗಳು ತಾಯಿಯ ಬೆನ್ನಿನ ಉದ್ದ ಕೂದಲು ಹಿಡಿದು ಕೂತಿರುತ್ತವೆ. ಜಗತ್ತಿನ ಎಂಟು ಜಾತಿ ಕರಡಿಗಳಲ್ಲಿ ಹೀಗೆ ಮರಿಗಳನ್ನು ದಿನವೂ ಬೆನ್ನ ಮೇಲೆ ಹೊತ್ತು ತಿರುಗುವುದು ನಮ್ಮ ಈ ಕರಡಿ ಮಾತ್ರ.