ಸುನ್ನತಿಗೆ ಮುಂಜಿ ಎನ್ನುವುದೇಕೆ?

‘ನಾಳೆ ಮುಂಜಿ ಊಟಕ್ಕೆ ಹೋಗ್ಬೇಕು’ ಎಂದು ಯಾರಾದರೂ ಹೇಳಿದರೆ, ಯಾರ ಮನೆಯಲ್ಲಿ ಎಂದು ಕೇಳಿಯೇ ತಿಳಿಯಬೇಕು. ಬ್ರಾಹ್ಮಣರ ಮನೆಯಾದರೆ ಉಪನಯನ, ಮುಸ್ಲಿಮರ ಮನೆಯಾದರೆ ಸುನ್ನತಿ. ವಟುವಿನ ಸೊಂಟಕ್ಕೆ ಕಟ್ಟುವ ಮುಂಜ ಹುಲ್ಲಿನ ಉಡಿದಾರ ‘ಮೌಂಜಿ’; ಆಡುಬಾಯಲ್ಲಿ ಸವೆದು ‘ಮುಂಜಿ’ ಆಯಿತು. ಅದಕ್ಕೂ ಕತ್ತರಿಗೂ ಏನೇನೂ ಸಂಬಂಧವಿಲ್ಲ. ಆದರೆ ಎರಡೂ ಹುಡುಗನನ್ನು ತಮ್ಮವರೊಳಗೆ ಸೇರಿಸಿಕೊಳ್ಳುವ ಕಾರ್ಯಗಳೇ. ಅದನ್ನು ಕಂಡೇ ಕನ್ನಡದ ಬಾಯಿ ಎರಡಕ್ಕೂ ಒಂದೇ ಹೆಸರಿಟ್ಟಿರಬೇಕು.

ಶಿಶ್ನದ ತುದಿಯನ್ನು ಮುಚ್ಚಿರುವ ಮುಂದೊಗಲನ್ನು ಕತ್ತರಿಸಿ ತೆಗೆಯುವುದು ಸುನ್ನತಿ. ‘ಖತ್ನಾ’ ಎಂಬ ಇನ್ನೊಂದು ಪದದ ಅರಬ್ಬಿ ಮೂಲಕ್ಕೆ ಕತ್ತರಿಸು ಎಂದೇ ಅರ್ಥ. ‘ಸುನ್ನತ್’ ಹಾಗಲ್ಲ, ಅದು ಪ್ರವಾದಿ ನಡೆದು ತೋರಿದ ದಾರಿ. ಮೋಜೆಂದರೆ, ಕನ್ನಡ ಬೈಬಲ್ಲಿನಲ್ಲಿ ಅಬ್ರಹಾಮನಿಗೆ ಆಗುವುದೂ ‘ಸುನ್ನತಿ’ಯೇ. ಇಸ್ಲಾಂ ಹುಟ್ಟುವುದಕ್ಕೆ ಎಷ್ಟೋ ಶತಮಾನ ಹಿಂದಿನ ಕಥೆಗೆ ಇಸ್ಲಾಮಿನ ಪದ!

ಆಚರಣೆ ಅಬ್ರಹಾಮನ ಕಥೆಗಿಂತಲೂ ಹಳೆಯದಿರಬಹುದು. ಈಜಿಪ್ಟಿನ ಸಕ್ಕಾರಾದಲ್ಲಿ ಅಂಖ್‌ಮಹೋರ್ ಎಂಬ ಅಧಿಕಾರಿಯ ಗೋರಿಯ ಗೋಡೆಯ ಮೇಲೆ ಸುನ್ನತಿಯ ಕೆತ್ತನೆಯಿದೆ. ಅದಕ್ಕೆ ನಾಲ್ಕು ಸಾವಿರ ವರ್ಷಕ್ಕೂ ಹೆಚ್ಚು ವಯಸ್ಸು. ಯಹೂದಿಗಳಲ್ಲಿ ಮಗು ಹುಟ್ಟಿದ ಎಂಟನೇ ದಿನ ‘ಮೊಹೆಲ್’ ಎಂಬಾತ ಇದನ್ನು ಮಾಡುತ್ತಾನೆ; ದೇವರೊಂದಿಗಿನ ಒಡಂಬಡಿಕೆಯ ಗುರುತು ಅದು. ಯಹೂದ್ಯೇತರರು ಕ್ರೈಸ್ತರಾಗಲು ಸುನ್ನತಿ ಬೇಕಿಲ್ಲ ಎಂದು ಆರಂಭದ ಧರ್ಮಪ್ರಚಾರಕ ಪೌಲನ ಕಾಲದಲ್ಲೇ ತೀರ್ಮಾನವಾಯಿತು. ಕುರಾನಿನಲ್ಲಿ ಇದರ ಪ್ರಸ್ತಾಪವಿಲ್ಲ, ಪ್ರವಾದಿಯ ನಡೆನುಡಿಗಳನ್ನು ದಾಖಲಿಸಿದ ಹದೀಸುಗಳಲ್ಲಿದೆ. ನಮ್ಮ ಕರಾವಳಿಯ ಬ್ಯಾರಿಗಳು ಅನುಸರಿಸುವ ಶಾಫಿ ಪಂಥದಲ್ಲಿ ಇದು ಕಡ್ಡಾಯ, ಹನಫಿ ಪಂಥದವರಿಗೆ ಸುನ್ನತ್, ಅಂದರೆ ಕಡ್ಡಾಯವಲ್ಲದಿದ್ದರೂ ಪಾಲಿಸಬೇಕಾದ ನಡೆ.

ಮುಂಜಿಯ ದಿನ ಹುಡುಗನಿಗೆ ಹೊಸ ಬಟ್ಟೆ, ಹೂವಿನ ಹಾರ. ಪುಟ್ಟ ಮದುಮಗ ಅವನು. ಮುಂದಿನ ಕೆಲವು ದಿನ ಲುಂಗಿ ಗಾಯಕ್ಕೆ ತಾಗದಂತೆ ಎತ್ತಿ ಹಿಡಿದು, ಕಾಲಗಲಿಸಿ ನಡೆಯುವುದು! ಹಿಂದೆ ಕ್ಷೌರಿಕರು ಮಾಡುತ್ತಿದ್ದ ಕೆಲಸ ಈಗ ಬಹುಮಟ್ಟಿಗೆ ಆಸ್ಪತ್ರೆಗೆ ಹೋಗಿದೆ. ದಕ್ಷಿಣ ಆಫ್ರಿಕಾದ ಖೋಸಾ ಜನರಲ್ಲಿ ಮಾತ್ರ ಇದು ಕೂಸಿನ ಮಾತಲ್ಲ, ಹುಡುಗ ಗಂಡಸಾಗುವ ಪರೀಕ್ಷೆ. ನೆಲ್ಸನ್ ಮಂಡೇಲಾ ಹದಿನಾರರ ವಯಸ್ಸಿನಲ್ಲಿ ಈ ದೀಕ್ಷೆ ಪಡೆದವರು. ಅಲ್ಲಿನ ಅಕ್ರಮ ದೀಕ್ಷಾ ಶಿಬಿರಗಳಲ್ಲಿ ಸೋಂಕು, ನಿರ್ಜಲೀಕರಣದಿಂದ ಹುಡುಗರು ಸಾಯುವ ಸುದ್ದಿ ಈಗಲೂ ಬರುತ್ತಿರುತ್ತದೆ.

ಧರ್ಮದ ಹಂಗಿಲ್ಲದೆ ಇದನ್ನು ವಾಡಿಕೆ ಮಾಡಿಕೊಂಡದ್ದು ಅಮೆರಿಕ. 19ನೇ ಶತಮಾನದ ಕೊನೆಯಲ್ಲಿ ಅಲ್ಲಿನ ವೈದ್ಯರು ಹಸ್ತಮೈಥುನ ತಡೆಯುವ ಮದ್ದೆಂದೂ ಇದನ್ನು ಹೇಳುತ್ತಿದ್ದರು. ಆ ವಾದ ಬಿದ್ದುಹೋಯಿತು, ಅಭ್ಯಾಸ ಉಳಿಯಿತು.

ವೈದ್ಯಕೀಯದ ಗಟ್ಟಿ ಪುರಾವೆ ಬಂದದ್ದು ಆಫ್ರಿಕಾದಿಂದ. ದಕ್ಷಿಣ ಆಫ್ರಿಕಾ, ಕೀನ್ಯಾ, ಉಗಾಂಡಾಗಳಲ್ಲಿ ವಯಸ್ಕರ ಮೇಲೆ ನಡೆದ ಮೂರು ಪ್ರಯೋಗಗಳಲ್ಲಿ, ಹೆಣ್ಣಿನಿಂದ ಗಂಡಿಗೆ ಎಚ್‌ಐವಿ ಹರಡುವ ಅಪಾಯ ಸುಮಾರು ಶೇ. 60ರಷ್ಟು ತಗ್ಗಿತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಎಚ್‌ಐವಿ ಹೆಚ್ಚಿರುವ ಕಡೆಗಳಿಗೆ ಇದನ್ನು ಶಿಫಾರಸು ಮಾಡಿತು. ಕಾಂಡೋಮ್ ಬಿಡಬಹುದು ಎಂದಲ್ಲ. ಮುಂದೊಗಲು ಹಿಂದೆ ಸರಿಯದ ಫೈಮೋಸಿಸ್ ಇದ್ದರೂ ವೈದ್ಯರು ಇದನ್ನು ಸೂಚಿಸುವುದುಂಟು.

ಹೆಣ್ಣುಮಕ್ಕಳ ಜನನಾಂಗ ಕತ್ತರಿಸುವುದನ್ನೂ ಕೆಲವರು ‘ಸುನ್ನತಿ’ ಎಂದೇ ಕರೆಯುತ್ತಾರೆ. ಅದರಿಂದ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ, ಬರೀ ಹಾನಿ. ಅದನ್ನು ಇದರ ಜೊತೆಗಿಟ್ಟು ಮಾತಾಡಿದರೆ ಎರಡೂ ಚರ್ಚೆ ಕೆಡುತ್ತವೆ.

ಗಂಡುಮಕ್ಕಳ ವಿಷಯದಲ್ಲಿ ನಿಜವಾದ ಜಗಳ ಒಪ್ಪಿಗೆಯದು. ಜನಿವಾರ ಬೇಡವಾದರೆ ಮುಂದೊಂದು ದಿನ ತೆಗೆದಿಡಬಹುದು. ಈ ಮುಂಜಿಯನ್ನು ಹಿಂದಕ್ಕೆ ಪಡೆಯಲಾಗದು. ಹಾಗಿದ್ದಾಗ ಮಾತು ಬಾರದ ಮಗುವಿನ ಪರವಾಗಿ ತಂದೆತಾಯಿ ‘ಹೂಂ’ ಅನ್ನಬಹುದೇ? 2012ರಲ್ಲಿ ಜರ್ಮನಿಯ ಕಲೋನಿನ ನ್ಯಾಯಾಲಯ, ನಾಲ್ಕು ವರ್ಷದ ಮುಸ್ಲಿಂ ಹುಡುಗನೊಬ್ಬನ ಪ್ರಕರಣದಲ್ಲಿ ಇದನ್ನು ದೈಹಿಕ ಹಾನಿ ಎಂದಿತು. ವೈದ್ಯನನ್ನು ಮಾತ್ರ ಖುಲಾಸೆ ಮಾಡಿತು. ಯಹೂದಿಗಳೂ ಮುಸ್ಲಿಮರೂ ಒಟ್ಟಿಗೆ ಸಿಡಿದೆದ್ದರು. ಹಿಟ್ಲರನ ನೆನಪು ಹೊತ್ತ ದೇಶಕ್ಕೆ ಯಹೂದಿಗಳ ಆಚರಣೆ ನಿಷೇಧಿಸುವುದು ಸುಲಭವಿರಲಿಲ್ಲ. ಅದೇ ಡಿಸೆಂಬರಿನಲ್ಲಿ ಸಂಸತ್ತು ಕಾನೂನು ತಂದು, ವೈದ್ಯಕೀಯ ನಿಯಮ ಪಾಲಿಸಿದರೆ ತಂದೆತಾಯಿಯ ಒಪ್ಪಿಗೆ ಸಾಕು ಎಂದಿತು. ಕೇರಳ ಹೈಕೋರ್ಟಿಗೂ ಮಕ್ಕಳ ಸುನ್ನತಿಯನ್ನು ಅಪರಾಧವೆಂದು ಸಾರಲು ಕೋರಿದ ಅರ್ಜಿ ಹೋಗಿತ್ತು; 2023ರಲ್ಲಿ ಅದು ವಜಾ ಆಯಿತು.