ಕೈ ಬೀಸಿದ ಕೂಡಲೇ ಪರದೆ ಆಡಬೇಕು

ಕ್ಯಾಮೆರಾ ಮುಂದೆ ನಿಂತವರ ಕೈ, ಮುಖ, ಮೈಯ ಚಲನೆ ಗುರುತಿಸಿ ಪರದೆಯ ಮೇಲೆ ಏನನ್ನಾದರೂ ಆಡಿಸುವ ಡೆಮೊಗಳನ್ನು ಕಟ್ಟುವುದು ನನ್ನ ಕೆಲಸ. ಒಳಗಿರುವುದು ರಾಸ್ಪ್‌ಬೆರಿ ಪೈ ಅಥವಾ ಜೆಟ್ಸನ್‌ನಂಥ ಅಂಗೈಯಗಲದ ಕಂಪ್ಯೂಟರ್ ಬೋರ್ಡ್. ಹೊಸದಾಗಿ ಈ ಕೆಲಸಕ್ಕೆ ಇಳಿದವರು ಮೊದಲು ಕೇಳುವುದು ಮಾಡೆಲ್ ಬಗ್ಗೆ, ಅಂದರೆ ಚಿತ್ರ ನೋಡಿ ಕೈ, ಮುಖ ಗುರುತಿಸುವ ಎಐ ಪ್ರೋಗ್ರಾಂ ಬಗ್ಗೆ: ಯಾವುದು ಹಾಕಲಿ, ಎಷ್ಟು ನಿಖರ? ನಾನು ಮೊದಲು ಕೇಳುವುದು ಬೇರೆ. ಕೈ ಎತ್ತಿದ ಮೇಲೆ ಪರದೆ ಬದಲಾಗಲು ಎಷ್ಟು ಹೊತ್ತು ಹಿಡಿಯುತ್ತದೆ?

ಡೆಮೊ ನೋಡಲು ಬಂದವರು ಸೂಚನೆ ಓದುವುದಿಲ್ಲ. ಸುಮ್ನೆ ಕೈ ಆಡಿಸಿ ನೋಡುತ್ತಾರೆ. ಪರದೆಯೂ ಜೊತೆಗೇ ಆಡಿದರೆ ಮಿಕ್ಕಿದ್ದೆಲ್ಲ ತಾವೇ ಕಂಡುಕೊಳ್ಳುತ್ತಾರೆ. ಅರ್ಧ ಸೆಕೆಂಡ್ ತಡವಾದರೆ, ಅಷ್ಟರಲ್ಲಿ ಅವರ ಕೈ ಇನ್ನೆಲ್ಲೋ ಹೋಗಿರುತ್ತದೆ. ಹಳೆಯ ಚಲನೆಗೆ ಈಗ ಉತ್ತರ ಬಂದರೆ ಅದು ತಮಗೇ ಬಂದ ಉತ್ತರ ಅಂತ ಅನ್ನಿಸುವುದೇ ಇಲ್ಲ. ಅದಕ್ಕೇ ನಾನು 100 ಮಿಲಿಸೆಕೆಂಡ್ ಆಸುಪಾಸಿಗೆ ತರಲು ಒದ್ದಾಡುತ್ತೇನೆ.

ಅಳೆಯುವುದು ಸುಲಭ. ಕೈ ಮತ್ತು ಪರದೆ ಎರಡೂ ಕಾಣುವಂತೆ ಫೋನ್ ಹಿಡಿದು, ಸೆಕೆಂಡಿಗೆ 240 ಫ್ರೇಮ್‌ನ ಸ್ಲೋ ಮೋಷನ್ ವಿಡಿಯೊ ತೆಗೆಯಿರಿ. ಕೈ ಕದಲಿದ ಫ್ರೇಮ್‌ನಿಂದ ಪರದೆ ಕದಲಿದ ಫ್ರೇಮ್‌ವರೆಗೆ ಎಣಿಸಿ. ಒಂದೊಂದು ಫ್ರೇಮ್ ಅಂದರೆ ಸುಮಾರು 4 ಮಿಲಿಸೆಕೆಂಡ್. 24 ಫ್ರೇಮ್ ಬಂದರೆ ಖುಷಿಪಡಿ. 100 ಬಂದರೆ ಕಾರಣ ಹುಡುಕಿ.

ಆ ಕಾರಣ ಬಹಳ ಸಲ ಮಾಡೆಲ್ ಅಲ್ಲ, ಫ್ರೇಮ್‌ಗಳ ಸಾಲು. ಕ್ಯಾಮೆರಾ ಸೆಕೆಂಡಿಗೆ 30 ಫ್ರೇಮ್ ಕೊಡುತ್ತದೆ ಅಂದುಕೊಳ್ಳಿ. ಮಾಡೆಲ್‌ಗೆ ಒಂದೊಂದು ಫ್ರೇಮ್ ನೋಡಲು 100 ಮಿಲಿಸೆಕೆಂಡ್ ಬೇಕು. ನಡುವೆ ಬಫರ್‌ನಲ್ಲಿ, ಅಂದರೆ ಫ್ರೇಮ್‌ಗಳು ಸರದಿ ಕಾಯುವ ಮೆಮೊರಿಯಲ್ಲಿ, ನಾಲ್ಕು ಫ್ರೇಮ್ ಕಾಯುತ್ತಿದ್ದರೆ, ನಿಮ್ಮ ಪ್ರೋಗ್ರಾಂ ಕೈಗೆತ್ತಿಕೊಳ್ಳುವ ಫ್ರೇಮ್ ಆಗಲೇ 300ರಿಂದ 400 ಮಿಲಿಸೆಕೆಂಡ್ ಹಳೆಯದು. ಮಾಡೆಲ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ, ಆದರೆ ನೋಡಿದ್ದು ಕಳೆದುಹೋದ ಕ್ಷಣವನ್ನು. ಕ್ಯಾಮೆರಾ ಚಿತ್ರಗಳ ಕೆಲಸಕ್ಕೆ ಬಳಸುವ ಓಪನ್‌ಸಿವಿ ಲೈಬ್ರರಿಯಲ್ಲಿ ಸಾದಾ ಲೂಪ್ ಬರೆದು, ಫ್ರೇಮ್ ಓದು, ಮಾಡೆಲ್ ಓಡಿಸು, ತೋರಿಸು ಅಂದರೆ ಆಗುವುದು ಇದೇ.

ದಾರಿ ಇದೆ. ಕ್ಯಾಮೆರಾ ಓದುವ ಕೆಲಸವನ್ನು ಬೇರೆ ಥ್ರೆಡ್‌ಗೆ, ಅಂದರೆ ಪ್ರೋಗ್ರಾಂ ಒಳಗೇ ಜೊತೆಜೊತೆಗೆ ಓಡುವ ಇನ್ನೊಂದು ಭಾಗಕ್ಕೆ ಕೊಡಿ. ಅದು ಬಂದ ಫ್ರೇಮ್‌ಗಳನ್ನೆಲ್ಲ ಓದುತ್ತಲೇ ಇರಲಿ, ಆದರೆ ತೀರಾ ಹೊಸದೊಂದನ್ನು ಮಾತ್ರ ಇಟ್ಟುಕೊಳ್ಳಲಿ. ಮಾಡೆಲ್‌ಗೆ ಬಿಡುವಾದಾಗ ಆ ಒಂದನ್ನು ಎತ್ತಿಕೊಳ್ಳುತ್ತದೆ. ನಡುವಿನ ಫ್ರೇಮ್‌ಗಳು ಬಿಟ್ಟುಹೋದರೆ ಹೋಗಲಿ, ಯಾರಿಗೂ ಗೊತ್ತಾಗುವುದಿಲ್ಲ. ಪರದೆಗೆ ಬಿಡಿಸುವುದನ್ನೂ ಬೇರೆ ಮಾಡಿ. ಆಗ ಮಾಡೆಲ್ ಸೆಕೆಂಡಿಗೆ ಹತ್ತೇ ಸಲ ಓಡಿದರೂ ಕನ್ನಡಿಯಂತೆ ಕಾಣುವ ಚಿತ್ರ 30 ಫ್ರೇಮ್‌ನಲ್ಲೇ ಹರಿಯುತ್ತದೆ. ಮಾಡೆಲ್ ಗುರುತಿಸಿದ ಕೈ ಸುತ್ತಲಿನ ಚೌಕ ಕೊಂಚ ಹಿಂದೆ ಬಿದ್ದರೂ ಜನ ಸಹಿಸುತ್ತಾರೆ. ತಮ್ಮ ಚಿತ್ರವೇ ಹಿಂದೆ ಬಿದ್ದರೆ ಸಹಿಸುವುದಿಲ್ಲ. ಅಂದ ಹಾಗೆ, ಚಿತ್ರವನ್ನು ಎಡಬಲ ತಿರುಗಿಸುವುದು ಮರೆಯಬೇಡಿ. ಬಲಗೈ ಎತ್ತಿದಾಗ ಪರದೆಯಲ್ಲಿ ಆಚೆ ಬದಿಯ ಕೈ ಎದ್ದರೆ ದೊಡ್ಡವರೂ ತಬ್ಬಿಬ್ಬಾಗುತ್ತಾರೆ.

ಇದಾದ ಮೇಲೆ ಮಾಡೆಲ್‌ಗೆ ಬನ್ನಿ. 1920×1080 ಚಿತ್ರದಲ್ಲಿ 640×480ಕ್ಕಿಂತ ಸುಮಾರು ಏಳು ಪಟ್ಟು ಪಿಕ್ಸೆಲ್ ಇರುತ್ತವೆ. ಚಿಕ್ಕ ಮಾಡೆಲ್‌ಗಳು ಹೇಗಿದ್ದರೂ ಅದನ್ನು ಒಂದೊಂದು ಬದಿಗೆ 300 ಪಿಕ್ಸೆಲ್ ಆಸುಪಾಸಿಗೆ ಕುಗ್ಗಿಸಿಯೇ ನೋಡುವುದು. ಹಾಗಿರುವಾಗ ಮಾಡೆಲ್‌ಗೆ ದೊಡ್ಡ ಚಿತ್ರ ಹೊರಿಸುವುದು ದಂಡ ಅಲ್ವಾ? ಮಾಡೆಲ್ ಒಳಗಿನ ಅಂಕಿಗಳನ್ನು 32 ಬಿಟ್‌ನಿಂದ 8 ಬಿಟ್‌ಗೆ ಇಳಿಸಿದರೆ ಅದರ ಗಾತ್ರ ಕಾಲು ಭಾಗವಾಗುತ್ತದೆ, ವೇಗವೂ ಸಾಮಾನ್ಯವಾಗಿ ಏರುತ್ತದೆ. ಕೈಯಾಟಕ್ಕೆ ಗೂಗಲ್‌ನ ಮೀಡಿಯಾಪೈಪ್ ಅನ್ನುವ ಸಾಫ್ಟ್‌ವೇರ್ ನನಗೆ ಇಷ್ಟ. ಒಂದು ಕೈಗೆ 21 ಬಿಂದುಗಳನ್ನು ಕೊಡುತ್ತದೆ. ಬೆರಳು ಮಡಚಿದೆಯೇ, ಚಾಚಿದೆಯೇ ಅನ್ನುವುದನ್ನು ಆ ಬಿಂದುಗಳಿಂದ ನೀವೇ ಲೆಕ್ಕ ಹಾಕಬಹುದು. ಇನ್ನೂ ವೇಗ ಬೇಕಿದ್ದರೆ ಮಾಡೆಲ್ ಓಡಿಸಲೆಂದೇ ಇರುವ ಹೈಲೋದಂಥ ಚಿಪ್ ಸೇರಿಸಿ. ಆದರೆ ಫ್ರೇಮ್‌ಗಳ ಸಾಲು ಸರಿಪಡಿಸದೆ ಚಿಪ್ ಕೊಳ್ಳಬೇಡಿ.

ಬೆಳಕಿನ ವಿಷಯವನ್ನು ಎಲ್ಲರೂ ಕೊನೆಗೆ ನೆನೆಯುತ್ತಾರೆ. ಬೆಳಕು ಕಡಿಮೆಯಾದರೆ ಚಿತ್ರ ಕಪ್ಪಾಗುತ್ತದೆ ಅಷ್ಟೇ ಅಂದುಕೊಳ್ಳಬೇಡಿ. ಕ್ಯಾಮೆರಾ ಬೆಳಕನ್ನು ತಾನೇ ಹೊಂದಿಸಿಕೊಳ್ಳುವ ಆಟೊ ಎಕ್ಸ್‌ಪೋಶರ್ ಒಂದೊಂದು ಫ್ರೇಮ್‌ಗೂ ಹೆಚ್ಚು ಹೊತ್ತು ಬೆಳಕು ತುಂಬಿಕೊಳ್ಳುತ್ತದೆ. ಆಡುವ ಕೈ ಮಸುಕಾಗುತ್ತದೆ, ಸೆಕೆಂಡಿಗೆ ಬರುವ ಫ್ರೇಮ್‌ಗಳೂ ಕಡಿಮೆಯಾಗಬಹುದು. ಹಾಗಾಗಿ ನಿಂತವರ ಮುಖಕ್ಕೆ ಒಂದು ದೀಪ ಹಾಕಿ, ಎಕ್ಸ್‌ಪೋಶರ್ ನೀವೇ ಹೊಂದಿಸಿ ನಿಲ್ಲಿಸಿ. 50 ಹರ್ಟ್ಜ್ ಕರೆಂಟ್ ಇರುವಲ್ಲಿ ಹಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಎಕ್ಸ್‌ಪೋಶರ್ 10 ಅಥವಾ 20 ಮಿಲಿಸೆಕೆಂಡ್ ಇಟ್ಟರೆ ಆ ಮಿನುಗಿನಿಂದ ಚಿತ್ರದಲ್ಲಿ ಮೂಡುವ ಪಟ್ಟೆಗಳು ಮಾಯ. ಜನರ ಬೆನ್ನ ಹಿಂದೆ ಕಿಟಕಿ ಇದ್ದರೆ ಮೇಜನ್ನೇ ತಿರುಗಿಸಿಡಿ. ಅದಕ್ಕಿಂತ ಒಳ್ಳೆಯ ಸಾಫ್ಟ್‌ವೇರ್ ಉಪಾಯ ನನಗೆ ಗೊತ್ತಿಲ್ಲ.

ಇನ್ನು ಕಾಟ ಕೊಡುವ ಸಣ್ಣದೊಂದು. ಮಾಡೆಲ್ ತನ್ನ ಭರವಸೆಯನ್ನು ಅಂಕಿಯಲ್ಲಿ ಹೇಳುತ್ತದೆ. 0.5 ದಾಟಿದರೆ ಕೈ ಇದೆ ಅಂತ ಒಂದೇ ಗೆರೆ ಹಾಕಿದರೆ, 0.49 ಮತ್ತು 0.51ರ ನಡುವೆ ಅದು ತೂಗಾಡುವಾಗ ಪರದೆ ಹೊತ್ತಿ ಆರಿ ಕಣ್ಣಿಗೆ ಹಿಂಸೆ. ಎರಡು ಗೆರೆ ಹಾಕಿ. 0.6 ದಾಟಿದರೆ ಶುರು, 0.4ಕ್ಕಿಂತ ಇಳಿದರೆ ಮಾತ್ರ ನಿಲ್ಲಲಿ.

ಬೋರ್ಡ್ ಇಟ್ಟ ಪೆಟ್ಟಿಗೆ ಮುಚ್ಚಿದ ಮೇಲೆ ಶಾಖದ ಪರೀಕ್ಷೆ. ರಾಸ್ಪ್‌ಬೆರಿ ಪೈ 80 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ತೆರೆದ ಮೇಜಿನ ಮೇಲೆ ಹತ್ತು ನಿಮಿಷ ಚೆನ್ನಾಗಿ ಓಡಿದ್ದು ಲೆಕ್ಕಕ್ಕಿಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ಇಡೀ ದಿನ ಓಡಿಸಿ ನೋಡಿ. ಅಡಾಪ್ಟರ್ ಕೂಡ ಸರಿಯಾದದ್ದೇ ಇರಲಿ. ಪೈ 4ಕ್ಕೆ 5 ವೋಲ್ಟ್ 3 ಆಂಪ್, ಪೈ 5ಕ್ಕೆ 5 ವೋಲ್ಟ್ 5 ಆಂಪ್. ಸಂಜೆ ಯಾರೋ ನೇರವಾಗಿ ಪ್ಲಗ್ ಕಿತ್ತೇ ಕೀಳುತ್ತಾರೆ. ಎಸ್‌ಡಿ ಕಾರ್ಡ್‌ಗೆ ಏನೂ ಬರೆಯದಂತೆ ಓವರ್‌ಲೇ ಫೈಲ್ ಸಿಸ್ಟಮ್ ಹಾಕಿಟ್ಟರೆ ಕಾರ್ಡ್ ಕೆಡುವ ಭಯ ಬಹಳ ಕಡಿಮೆ. ಬೋರ್ಡ್‌ಗೆ ಕರೆಂಟ್ ಬಂದಾಗ ಪ್ರೋಗ್ರಾಂ ತಾನೇ ಶುರುವಾಗಬೇಕು, ಬಿದ್ದರೆ ತಾನೇ ಏಳಬೇಕು.

ಕೊನೆಗೆ ಬೇರೆ ಬೇರೆ ಜನರನ್ನು ಕರೆದು ನಿಲ್ಲಿಸಿ ನೋಡಿ. ಮಕ್ಕಳು, ಗಾಲಿಕುರ್ಚಿಯಲ್ಲಿರುವವರು, ಕಪ್ಪು ಮೈಬಣ್ಣದವರು, ಕನ್ನಡಕ ಹಾಕಿದವರು, ತಲೆಗೆ ಬಟ್ಟೆ ಸುತ್ತಿದವರು. ನಿಮ್ಮ ಎತ್ತರಕ್ಕೆ ಹೊಂದಿಸಿದ ಕ್ಯಾಮೆರಾ ಐದು ವರ್ಷದ ಮಗುವಿನ ನೆತ್ತಿಯನ್ನಷ್ಟೇ ನೋಡುತ್ತಿರಬಹುದು. ಚಿತ್ರಗಳನ್ನು ಎಲ್ಲೂ ಉಳಿಸಬೇಡಿ. ಮೆಮೊರಿಯಲ್ಲಿ ಬಂದು ಅಲ್ಲೇ ಅಳಿದುಹೋಗಲಿ. ನೆಟ್‌ವರ್ಕ್ ಇಲ್ಲದೆಯೂ ಡೆಮೊ ಓಡಬೇಕು. ಚಿತ್ರ ಉಳಿಸುವುದಿಲ್ಲ ಅನ್ನುವುದನ್ನು ಪರದೆಯ ಮೇಲೆಯೇ, ಮಕ್ಕಳಿಗೂ ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಬರೆಯಿರಿ.